ಕೊಕ್ಕೆ ಇಲ್ಲದ ದಾರ

"ಒಂದು ತುದಿ ನನ್ನ ಕೈಯಲ್ಲಿದೆ, ಇನ್ನೊಂದು ತುದಿ ಇಲ್ಲವೇ ಇಲ್ಲ. ಎಳೆದರೆ ಬರುವುದಿಲ್ಲ, ಬಿಟ್ಟರೆ ಹೋಗುವುದಿಲ್ಲ. ಏನದು, ಗುರುಗಳೇ?"

ಕೇಳಿದವನು ಶೀನ, ಹೊಳೆದಂಡೆಯ ಸಣ್ಣ ಮಠವೊಂದರ ಶಿಷ್ಯ. ಆ ಮಠದಲ್ಲಿ ಒಂದು ಪದ್ಧತಿ ಇತ್ತು. ನೆಟ್ಟಗೆ ಕೇಳಿದ ಪ್ರಶ್ನೆಗೆ ಗುರುಗಳು ಉತ್ತರ ಕೊಡುತ್ತಿರಲಿಲ್ಲ. ಹೊಟ್ಟೆನೋವಿಗೆ ಮದ್ದು ಬೇಕಾದರೂ ಒಗಟು ಕಟ್ಟಿಕೊಂಡೇ ಬರಬೇಕು. ಹೀಗಾಗಿ ಅಲ್ಲಿ ಎಷ್ಟೋ ಹೊಟ್ಟೆನೋವುಗಳು ಒಗಟು ಸಿದ್ಧವಾಗುವ ಮೊದಲೇ ವಾಸಿಯಾಗಿಬಿಡುತ್ತಿದ್ದವು.

"ಉತ್ತರ ನಿನಗೆ ಗೊತ್ತೇ?" ಎಂದರು ಗುರುಗಳು.

"ಗೊತ್ತಿದ್ದರೆ ನಿಮ್ಮ ತನಕ ಯಾಕೆ ಬರುತ್ತಿದ್ದೆ?"

"ಅದೂ ಸರಿಯೇ."

ಶೀನನ ನೋವು ಹೊಟ್ಟೆಯದಲ್ಲ. ಅವನೂ ಅವನ ಗೆಳೆಯ ಗಿರಿಯನೂ ಒಟ್ಟಿಗೇ ಮಠಕ್ಕೆ ಬಂದವರು. ಒಂದೇ ಚಾಪೆ, ಒಂದೇ ಚೊಂಬು, ಕದ್ದ ಬೆಲ್ಲದಲ್ಲಿ ಸಮಪಾಲು. ಕಳೆದ ವರ್ಷ ಘಟ್ಟದ ಮೇಲಿನ ಮಠಕ್ಕೆ ಹೋದ ಗಿರಿಯ ಅಲ್ಲಿಯೇ ಉಳಿದುಬಿಟ್ಟ. ಅಂದಿನಿಂದ ಘಟ್ಟ ಹತ್ತುವವರು ಯಾರು ಸಿಕ್ಕಿದರೂ ಶೀನ ಅವರ ಕೈಯಲ್ಲಿ ಒಂದು ಮಾತು ಹೇಳಿ ಕಳಿಸುತ್ತಿದ್ದ. ಬೆಲ್ಲದ ವ್ಯಾಪಾರಿಯ ಕೈಯಲ್ಲಿ ಹೇಳಿ ಕಳಿಸಿದ. ಹೋರಿ ಕೊಳ್ಳಲು ಹೊರಟವನ ಕೈಯಲ್ಲೂ ಹೇಳಿ ಕಳಿಸಿದ. ಹೋರಿಗಳು ಇಳಿದು ಬಂದವು. ಗಿರಿಯ ಬರಲಿಲ್ಲ.

ಆ ಬೆಳಿಗ್ಗೆ ಜಗಲಿಯಲ್ಲಿ ಒಬ್ಬ ಯಾತ್ರಿಕ ಗಂಟು ಕಟ್ಟುತ್ತಿದ್ದ. ಅವನ ದಾರಿಯೂ ಘಟ್ಟದ ಮೇಲಕ್ಕೇ. ಈ ಸಲ ಏನೆಂದು ಹೇಳಿ ಕಳಿಸುವುದು? ಶೀನನಿಗೆ ತೋಚಲಿಲ್ಲ. 'ಬಾ' ಎಂಬ ಒಂದು ಅಕ್ಷರವನ್ನು ಎಷ್ಟು ಬಗೆಯಲ್ಲಿ ಹೇಳಬಹುದೋ ಅಷ್ಟೂ ಬಗೆಯಲ್ಲಿ ಹೇಳಿಯಾಗಿತ್ತು.

ಗುರುಗಳು ಯಾತ್ರಿಕನ ಗಂಟನ್ನು ನೋಡಿದರು. ಶಿಷ್ಯನ ಮುಖವನ್ನೂ ನೋಡಿದರು.

"ಕೂತುಕೋ. ಒಂದು ಮೀನಿನ ಕತೆ ಹೇಳುತ್ತೇನೆ."

"ಮಠದಲ್ಲಿ ಮೀನಿನ ಕತೆಯೇ?"

"ಮಡಿ ಅಡುಗೆಮನೆಗೆ, ಕಿವಿಗಲ್ಲ. ಕೂತುಕೋ."

ಶೀನ ಕೂತ. ಗುರುಗಳು ಕತೆ ಹೇಳಿದರು.

ಒಬ್ಬ ಮೀನುಗಾರನಿದ್ದ. ಹೊಳೆ ಕಡಲಿಗೆ ಸೇರುವಲ್ಲಿ ಒಂದು ಕಪ್ಪು ಬಂಡೆ. ಆ ಬಂಡೆಯ ಮೇಲೆ ಕೂತು ಗಾಳ ಹಾಕುವುದು ಅವನ ಕಸುಬು. ಅವನ ಅಪ್ಪನೂ ಅದೇ ಬಂಡೆಯ ಮೇಲೆ ಕೂತವನು. ಕೋಲಿಲ್ಲ, ಏನಿಲ್ಲ. ದಾರವನ್ನು ಬೆರಳಿಗೆ ಸುತ್ತಿ ನೀರಿಗೆಸೆಯುವುದು, ಅಷ್ಟೇ. ಅಪ್ಪ ಕಲಿಸಿದ ವಿದ್ಯೆಯೂ ಒಂದೇ ಮಾತಿನದು. "ಮೀನು ಎಳೆದರೆ ನೀನೂ ಎಳೆ. ಕೈ ಸುಮ್ಮನಿದ್ದರೆ ಮೀನು ಹೋಯಿತು." ಮಗ ಅದನ್ನು ಚೆನ್ನಾಗಿ ಕಲಿತಿದ್ದ. ಅವನ ಬೆರಳುಗಳ ಮೇಲೆ ದಾರ ಕೊಯ್ದ ಗೆರೆಗಳಿದ್ದವು.

ಅವನಿಗೆ ಮದುವೆಯಾಯಿತು. ಹೆಣ್ಣು ಆಚೆ ದಡದವಳು. ಬಂಡೆಯ ಮೇಲೆ ಕೂತರೆ ಅವಳ ತವರಿನ ಒಲೆಯ ಹೊಗೆ ಕಾಣುತ್ತಿತ್ತು. ಹೆಣ್ಣಿನ ಅಣ್ಣ ಬಂದರಿನಲ್ಲಿ ಕೆಲಸಕ್ಕಿದ್ದವನು. ಮದುವೆಗೆಂದು ಒಂದು ಗಾಳದ ಕೋಲು, ಅದಕ್ಕೆ ಹೊಳೆಯುವ ಒಂದು ರೀಲು, ರೀಲಿನ ತುಂಬ ನೈಲಾನ್ ದಾರ ತಂದು ಭಾವನ ಕೈಗಿಟ್ಟ. ಆ ಊರು ಅಲ್ಲಿಯವರೆಗೆ ರೀಲು ಕಂಡಿರಲಿಲ್ಲ. ಬಂದವರೆಲ್ಲ ಮದುಮಗಳನ್ನು ಬಿಟ್ಟು ರೀಲನ್ನೇ ನೋಡಿದರು. ಮೀನುಗಾರ ಮಾತ್ರ ಮದುಮಗಳನ್ನು ನೋಡಿದ.

ಅಷ್ಟರಲ್ಲಿ ಆಷಾಢ ಬಂತು. ಹೊಸ ಸೊಸೆ ಆಷಾಢದಲ್ಲಿ ಗಂಡನ ಮನೆಯಲ್ಲಿರಬಾರದು, ತವರಿಗೆ ಹೋಗಬೇಕು. ಗಂಡ ಆಗ ಅವಳನ್ನು ಕರೆಯಬಾರದು, ಹೋಗಿ ನೋಡಲೂ ಬಾರದು. ಊರ ಕಟ್ಟಳೆ. ಅವಳು ದೋಣಿ ಹತ್ತುವಾಗ ತಿರುಗಿ ಹೇಳಿದಳು.

"ಶ್ರಾವಣ ಬರುತ್ತಲೂ ಬರುತ್ತೇನೆ. ಅಲ್ಲಿವರೆಗೆ ಉಪ್ಪಿನಕಾಯಿ ಭರಣಿಗೆ ಕೈ ಹಾಕಬೇಡಿ. ಹೊಸದು, ಇನ್ನೂ ಮಾಗಬೇಕು."

ದೋಣಿ ಹೋಯಿತು. ಅವನು ಬಂಡೆಯ ಮೇಲೆ ಕೂತ.

ಹೊಸ ರೀಲಿಗೆ ಮೊದಲ ದೊಡ್ಡ ಮೀನು ಸಿಕ್ಕಿತು. ಮೀನು ಓಡಿತು. ರೀಲಿನ ಗುಣವೇನೆಂದರೆ, ಮೀನು ಜೋರಾಗಿ ಎಳೆದರೆ ಅದು ತಾನಾಗಿ ಜಾರಿ ದಾರ ಬಿಟ್ಟುಕೊಡುತ್ತದೆ, ದಾರ ಕಡಿಯದಿರಲಿ ಎಂದು. ಕ್ರೀಂ ಎಂದು ಶಬ್ದ ಮಾಡುತ್ತ ದಾರ ಹೊರಗೆ ಹೋಗುತ್ತಿತ್ತು. ಹೋಗುವುದನ್ನು ನೋಡಿಕೊಂಡು ಸುಮ್ಮನಿರುವುದು ಅವನ ವಂಶದಲ್ಲೇ ಇರಲಿಲ್ಲ. ಅಪ್ಪ ಎಳೆ ಎಂದಿದ್ದ. ಅವನು ಹಿಡಿಕೆ ತಿರುಗಿಸಿದ. ಮೀನು ಓಡುತ್ತಲೇ ಇತ್ತು, ಅವನು ತಿರುಗಿಸುತ್ತಲೇ ಇದ್ದ. ಕೊನೆಗೆ ಮೀನು ಸುಸ್ತಾಗಿ ಬಂತು. ತನ್ನ ತಿರುಗಿಸುವಿಕೆಯಿಂದಲೇ ಬಂತು ಎಂದುಕೊಂಡ.

ಮರುದಿನ ಗಾಳ ಎಸೆದರೆ ದಾರ ನೆಟ್ಟಗೆ ಹೋಗಲಿಲ್ಲ. ಸಡಿಲ ಬಿಟ್ಟಲ್ಲಿ ತನಗೆ ತಾನೇ ಹೊಸೆದುಕೊಂಡು ಸುರುಳಿಯಾಗಿ ನಿಂತಿತು. ಬಿಡಿಸಿದ. ಇನ್ನೊಂದು ಕಡೆ ಸುರುಳಿಯಾಯಿತು. ಅದನ್ನೂ ಬಿಡಿಸಿದ. ಹೆಂಡತಿ ಇದ್ದಿದ್ದರೆ ಈ ದಾರ ನೋಡಿ ಶ್ಯಾವಿಗೆ ಎನ್ನುತ್ತಿದ್ದಳು ಎಂದು ನೆನಪಾಯಿತು. ನೆನಪಾದದ್ದೇ, ಮನಸ್ಸು ದಾರಕ್ಕಿಂತ ಹೆಚ್ಚು ತಿರುಚಿಕೊಂಡಿತು.

ಆಚೆ ದಡದ ದೋಣಿಯವನು ಬಂಡೆಯ ಪಕ್ಕದಲ್ಲೇ ಹುಟ್ಟು ಹಾಕಿಕೊಂಡು ಹೋಗುತ್ತಿದ್ದ. ಹೆಂಡತಿಯ ಊರಿನವನಾದ್ದರಿಂದ ಇವನನ್ನು ಭಾವ ಎಂದೇ ಕರೆಯುತ್ತಿದ್ದ.

"ಏನು ಭಾವ, ಅಕ್ಕನಿಗೆ ಏನಾದರೂ ಹೇಳಲಿಕ್ಕುಂಟಾ?"

ಕರೆಯಬಾರದು ಎಂಬ ಕಟ್ಟಳೆ ಮೀನುಗಾರನಿಗೆ ಗೊತ್ತಿತ್ತು. ಹಾಗಾಗಿ ಅವನು ಕರೆಯಲಿಲ್ಲ. "ಉಪ್ಪಿನಕಾಯಿ ಭರಣಿ ಎಲ್ಲಿದೆ ಅಂತ ಕೇಳು" ಎಂದ.

ಸಂಜೆ ಉತ್ತರ ಬಂತು. "ಮುಟ್ಟಬೇಡಿ ಅಂದಲ್ಲೇ ಇದೆಯಂತೆ."

ಮರುದಿನ ಹೇಳಿ ಕಳಿಸಿದ. "ಬೆಕ್ಕು ಊಟ ಬಿಟ್ಟಿದೆ ಅನ್ನು."

ಬೆಕ್ಕು ಊಟ ಬಿಟ್ಟಿರಲಿಲ್ಲ. ಊಟ ಬಿಟ್ಟವನ ಪಾಲನ್ನೂ ತಿಂದು ಕೊಬ್ಬಿತ್ತು.

ಹೀಗೆ ಮಾತುಗಳು ಹೊಳೆ ದಾಟತೊಡಗಿದವು. ಮಾಡು ಸೋರುತ್ತದೆ. ಬಾವಿಯ ಹಗ್ಗ ಸವೆದಿದೆ. ಪಕ್ಕದ ಮನೆಯಾಕೆ ನಿನ್ನನ್ನು ಕೇಳಿದಳು. ಯಾವುದರಲ್ಲೂ 'ಬಾ' ಎಂಬ ಮಾತಿಲ್ಲ. ಯಾವುದರಲ್ಲೂ ಅದಲ್ಲದೆ ಬೇರೆ ಮಾತಿಲ್ಲ.

ದೋಣಿಯವನ ಗಂಟಲು ದೊಡ್ಡದು. ದಡ ಮುಟ್ಟುವ ಮೊದಲೇ ನೀರಿನ ಮೇಲಿನಿಂದ ಕೂಗಿ ಹೇಳುತ್ತಿದ್ದ. ಅವಳಿಗಿಂತ ಮುಂಚೆ ಊರಿಗೇ ಸುದ್ದಿ ಮುಟ್ಟುತ್ತಿತ್ತು. ಅವಳ ಅತ್ತಿಗೆಯರು ಬಟ್ಟೆ ಒಗೆಯುತ್ತಿದ್ದವರು ಬಟ್ಟೆ ಬಿಟ್ಟು ನಗುತ್ತಿದ್ದರು.

"ಓಡೇ ಮಾರಾಯ್ತಿ, ಓಡು. ನಿನ್ನ ಗಂಡ ಗಾಳ ಎಳೀತಿದ್ದಾನೆ. ತುಟಿ ಹರಿದೀತು."

ಮೊದಮೊದಲು ಅವಳೂ ನಕ್ಕಳು. ಶ್ರಾವಣಕ್ಕೆ ಬರುತ್ತೇನೆ ಎಂದು ಹೇಳಿ ಕಳಿಸಿದಳು. ಶ್ರಾವಣ ಬಂತು. ಸೀರೆ ಮಡಿಸಿ ಗಂಟು ಕಟ್ಟಿದಳು. ಆ ಹೊತ್ತಿಗೆ ಸರಿಯಾಗಿ ನೀರಿನ ಮೇಲಿನಿಂದ ಇನ್ನೊಂದು ಕೂಗು. ಅತ್ತಿಗೆಯರು ಮತ್ತೆ ನಕ್ಕರು. ಈಗ ಹೋದರೆ ಎಳೆದದ್ದಕ್ಕೆ ಹೋದೆ ಎಂದಾಗುತ್ತದೆ. ಅವಳು ಗಂಟು ಬಿಚ್ಚಿದಳು. "ಚೌತಿ ಕಳೆಯಲಿ" ಎಂದಳು. ಚೌತಿ ಹತ್ತಿರವಾದಂತೆ ಮಾತುಗಳು ಹೆಚ್ಚಿದವು. "ನವರಾತ್ರಿ ಕಳೆಯಲಿ" ಎಂದಳು.

ಅವನಿಗೆ ಅರ್ಥವಾಗಲಿಲ್ಲ. ಎಳೆಯುತ್ತಿದ್ದೇನಲ್ಲ, ದೂರ ಯಾಕೆ ಹೋಗುತ್ತಿದೆ?

ಒಂದು ದಿನ ಬಂಡೆಯ ಬುಡದಲ್ಲಿ ದೊಡ್ಡ ಕೆಂಬೇರಿ ಮೀನು ಗಾಳಕ್ಕೆ ಬಿತ್ತು. ಅಂಥ ಕೆಂಬೇರಿಯನ್ನು ಅವನ ಅಪ್ಪನೂ ಹಿಡಿದಿರಲಿಲ್ಲ. ಇದನ್ನು ಬಾಳೆ ಎಲೆಯಲ್ಲಿ ಸುತ್ತಿ ಅತ್ತೆ ಮನೆಗೆ ಕಳಿಸುತ್ತೇನೆ, ಮೀನಿನ ಹಿಂದೆ ನಾನೂ ಹೋಗುತ್ತೇನೆ, ಬರುವಾಗ ಇಬ್ಬರು ಬರುತ್ತೇವೆ ಎಂದು ಮನಸ್ಸಿನಲ್ಲೇ ಮಂಡಿಗೆ ತಿಂದ. ಮೀನು ಓಡಿತು. ರೀಲು ಕ್ರೀಂ ಎಂದಿತು. ಅವನು ಮೈಯೆಲ್ಲ ಕೈಯಾಗಿ ತಿರುಗಿಸಿದ. ಮೀನು ಒಂದು ಕ್ಷಣ ನಿಂತಿತು. ದಾರ ಸಡಿಲವಾಯಿತು. ಸಡಿಲವಾದದ್ದೇ ಕೋಲಿನ ತುದಿಯಲ್ಲಿ ಸುರುಳಿಯಾಗಿ ಗಂಟು ಬಿದ್ದಿತು. ಮೀನು ಮತ್ತೆ ಎಳೆಯಿತು. ಗಂಟು, ದಾರ ಹಾಯುವ ಕೋಲಿನ ಬಳೆಗೆ ಸಿಕ್ಕಿತು. ದಾರ ಟಪ್ಪೆಂದು ಕಡಿದುಹೋಯಿತು.

ಅದೇ ಸಂಜೆ ದೋಣಿಯವನು ಬಂಡೆಯ ಹತ್ತಿರ ಬಂದ. ಆ ದಿನ ಮಾತ್ರ ಅವನ ಗಂಟಲು ಸಣ್ಣದಾಗಿತ್ತು.

"ಭಾವ, ನಾನು ಹೇಳಿದ್ದಲ್ಲ, ಅಕ್ಕ ಹೇಳಿದ್ದು. ನಾನೇನು ಮೀನಾ ಅಂತ ಕೇಳು ಅಂದಳು. ಇನ್ನು ನವರಾತ್ರಿಗೂ ಇಲ್ಲವಂತೆ."

ಮೀನುಗಾರ ಕಡಿದ ದಾರದ ತುದಿಯನ್ನು ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದ.

ಮರುದಿನ ಅವನು ಪೇಟೆಗೆ ಹೋದ. ಅಲ್ಲಿ ಒಬ್ಬ ವ್ಯಾಪಾರಿ. ಬಲೆ, ಗಾಳ, ದಾರ ಮಾರುವವನು. ಮೀನುಗಾರ ಆಗಲೇ ಅವನ ಹಳೆಯ ಗಿರಾಕಿ. ದಾರ ಕೆಟ್ಟದ್ದು ಎಂದು ಹೊಸ ದಾರ ಕೊಂಡಿದ್ದ. ಅದೂ ತಿರುಚಿತೆಂದು, ದಾರಕ್ಕೂ ಕೊಕ್ಕೆಗೂ ನಡುವೆ ತಿರುಗುವ ಕೊಂಡಿ ಕೊಂಡಿದ್ದ. ಕೊಂಡಿ ತಿರುಗಿತು, ದಾರವೂ ತಿರುಚಿತು. ನಡುವೆ ರೀಲಿಗೆ ದೃಷ್ಟಿಯಾಗಿದೆ ಎಂದು ಮೆಣಸಿನಕಾಯಿ ನಿವಾಳಿಸಿಯೂ ಆಗಿತ್ತು. ಅದರಿಂದ ಸೀನು ಬಂದದ್ದು ಬಿಟ್ಟರೆ ಬೇರೇನೂ ಆಗಲಿಲ್ಲ.

"ಮತ್ತೆ ದಾರ ಕೊಡಿ ಸಾಹುಕಾರ್ರೇ" ಎಂದ.

ವ್ಯಾಪಾರಿ ಅವನ ರೀಲನ್ನು ತಿರುಗಿಸಿ ನೋಡಿದ. ಆಮೇಲೆ ಅವನ ಕೈಯನ್ನು ನೋಡಿದ.

"ನಿನ್ನಂಥ ಗಿರಾಕಿ ಊರಿಗೊಬ್ಬ ಇದ್ದರೆ ನಾನು ಅಂಗಡಿ ಮೇಲೆ ಅಂಗಡಿ ಕಟ್ಟುತ್ತಿದ್ದೆ. ಆದರೆ ನಿನ್ನ ಮುಖ ನೋಡಿದರೆ ಮಾರಲಿಕ್ಕೆ ಮನಸ್ಸು ಬರುವುದಿಲ್ಲ ಮಾರಾಯ. ಮೀನು ಓಡುವಾಗ ನೀನು ಏನು ಮಾಡುತ್ತೀ?"

"ತಿರುಗಿಸುತ್ತೇನೆ."

"ಅದೇ. ಓಡುವಾಗ ತಿರುಗಿಸಿದರೆ ದಾರ ಒಂದು ಗೇಣೂ ಒಳಗೆ ಬರುವುದಿಲ್ಲ. ನೀನು ತಿರುಗಿಸಿದ ಸುತ್ತೆಲ್ಲ ದಾರದ ಮೈಯೊಳಗೆ ಹೋಗಿ ಕೂರುತ್ತದೆ."

"ಹಾಗಾದರೆ ಅದು ಹೋಗುವಾಗ ಕೈಕಟ್ಟಿ ಕೂರಲಾ?"

"ಕೋಲು ಹಿಡಿದುಕೊಂಡು ಕೂರು. ಬಿಡು ಅನ್ನಲಿಲ್ಲ, ತಿರುಗಿಸಬೇಡ ಅಂದೆ. ಅದು ನಿಂತಾಗ ತಿರುಗಿಸು."

ಮೀನುಗಾರ ತನ್ನ ಬೆರಳುಗಳ ಮೇಲಿನ ಗೆರೆಗಳನ್ನು ನೋಡಿಕೊಂಡ. ಅಪ್ಪ ಕಲಿಸಿದ ಕೈ ಅದು. ಬೆರಳಿಗೆ ಸುತ್ತಿದ ದಾರಕ್ಕೆ ಸರಿಯಾಗಿದ್ದ ಕೈ. ಆಮೇಲೆ ಕೇಳಿದ. "ಆಗಲೇ ತಿರುಚಿದ್ದಕ್ಕೆ?"

"ಕೊಕ್ಕೆ ತೆಗೆ. ಭಾರದ ಗುಂಡು ತೆಗೆ. ಕೊಂಡಿ ತೆಗೆ. ಇಳಿತದ ನೀರಿಗೆ ಬರೀ ದಾರ ಬಿಡು, ರೀಲು ಖಾಲಿಯಾಗುವ ತನಕ ಬಿಡು. ಹಿಡಿದುಕೊಂಡು ಕೂತಿರು. ತುದಿಯಲ್ಲಿ ಏನೂ ಇಲ್ಲದಿದ್ದರೆ ದಾರ ತನ್ನ ಸುತ್ತನ್ನು ತಾನೇ ಬಿಚ್ಚಿಕೊಳ್ಳುತ್ತದೆ."

"ಕೊಕ್ಕೆ ಇಲ್ಲದೆ ಗಾಳ ಹಾಕಿದರೆ ಊರವರು ನನಗೆ ಹುಚ್ಚು ಅಂದಾರು."

"ಈಗ ಏನನ್ನುತ್ತಿದ್ದಾರೆ?"

ಮೀನುಗಾರ ರೀಲನ್ನು ಎತ್ತಿಕೊಂಡು ಊರಿಗೆ ಬಂದ.

ಇಳಿತದ ಹೊತ್ತು. ಹೊಳೆ ಕಡಲಿನ ಕಡೆಗೆ ಹರಿಯುತ್ತಿತ್ತು. ಅವನು ಕೊಕ್ಕೆ, ಗುಂಡು, ಕೊಂಡಿ ಮೂರನ್ನೂ ಮನೆಯಲ್ಲೇ ಇಟ್ಟು ಬಂದಿದ್ದ. ಬರಿಯ ದಾರವನ್ನು ನೀರಿಗೆ ಬಿಟ್ಟ. ದಾರ ಹೋಯಿತು. ಕೈ ಹಿಡಿಕೆಯ ಕಡೆಗೆ ಹೋಯಿತು. ಕೈಯನ್ನು ಹಿಂದಕ್ಕೆ ತಂದ. ದಾರ ಇನ್ನೂ ಹೋಯಿತು. ಕೈ ಮತ್ತೆ ಹೋಯಿತು. ಈ ಸಲ ಕೈಯನ್ನು ತೊಡೆಯ ಕೆಳಗೆ ಹಾಕಿಕೊಂಡು ಅದರ ಮೇಲೆಯೇ ಕೂತ.

ಅಷ್ಟರಲ್ಲಿ ದೋಣಿಯವನು ಬಂದ.

"ಭಾವ, ಇವತ್ತೇನು ಹೇಳಲಿ?"

ಮೀನುಗಾರನ ಬಾಯಿಯವರೆಗೆ ಬಂದ ಮಾತುಗಳು ಬಹಳ ಇದ್ದವು. ಕೆಂಬೇರಿಯ ಮಾತಿತ್ತು. ಮಾಡಿನ ಮಾತಿತ್ತು. ತಪ್ಪಾಯಿತು ಎಂಬ ಮಾತೂ ಇತ್ತು. ಅದರ ತುದಿಯಲ್ಲೂ ಒಂದು ಸಣ್ಣ ಕೊಕ್ಕೆ ಇತ್ತು.

"ಏನೂ ಇಲ್ಲ" ಎಂದ.

"ಏನೂ ಇಲ್ಲವಂತೆ ಅಂತ ಹೇಳಲಾ?"

"ಅದನ್ನೂ ಹೇಳಬೇಡ."

ದೋಣಿಯವನು ಅವನನ್ನು ನೋಡಿದ, ಕೊಕ್ಕೆ ಇಲ್ಲದ ದಾರವನ್ನು ನೋಡಿದ, ಏನೂ ಅರ್ಥವಾಗದೆ ಹುಟ್ಟು ಹಾಕಿದ. ಆ ದಿನ ದೋಣಿ ಬಾಯಿ ಮುಚ್ಚಿಕೊಂಡು ಹೊಳೆ ದಾಟಿತು.

ದಾರ ಪೂರ್ತಿ ಹೊರಗೆ ಹೋಗಿ ನೀರಿನ ಮೇಲೆ ಮಲಗಿತು. ಮೀನುಗಾರನ ಕೈಗೆ ಒಂದು ಎಳೆತ ತಿಳಿಯುತ್ತಿತ್ತು. ಮೀನಿನದಲ್ಲ. ಯಾರದೂ ಅಲ್ಲ. ನೀರಿನದು. ದಾರ ಬೆರಳ ನಡುವೆ ಸಣ್ಣಗೆ ಉರುಳುತ್ತಿತ್ತು, ಒಂದೊಂದೇ ಸುತ್ತು ಬಿಚ್ಚುತ್ತಿತ್ತು. ಆಚೆ ದಡದಲ್ಲಿ ಒಲೆಯ ಹೊಗೆ ಎದ್ದಿತು. ಅವಳೇ ಊದಿದ್ದಿರಬಹುದು. ಇಲ್ಲದೆಯೂ ಇರಬಹುದು. ಅವಳು ಬೇಕು ಎನಿಸಿತು, ಹಿಂದೆಂದಿಗಿಂತ ಹೆಚ್ಚು ಬೇಕು ಎನಿಸಿತು. ಬಾ ಎನ್ನಬೇಕು ಎನಿಸಲಿಲ್ಲ. ಇವೆರಡೂ ಬೇರೆ ಬೇರೆ ಎಂಬುದು ಅವನಿಗೆ ಅಂದಿನವರೆಗೆ ಗೊತ್ತಿರಲಿಲ್ಲ.

ಇಳಿತ ನಿಂತ ಮೇಲೆ ದಾರವನ್ನು ಒದ್ದೆ ಬಟ್ಟೆಯ ನಡುವೆ ಹಿಡಿದು ಮೆಲ್ಲಗೆ ಸುತ್ತಿಕೊಂಡ. ಒಂದು ಮೊಳ ಸಡಿಲ ಬಿಟ್ಟು ನೋಡಿದ. ಸುರುಳಿಯಾಗಲಿಲ್ಲ. ಗಾಳಿಗೆ ನೆಟ್ಟಗೆ ತೂಗಾಡಿತು.

ಇಷ್ಟು ಹೇಳಿ ಗುರುಗಳು ನಶ್ಯದ ಡಬ್ಬಿ ತೆಗೆದರು.

"ಆಮೇಲೆ?" ಎಂದ ಶೀನ.

"ಆಮೇಲೆ ಏನು? ದಾರ ನೆಟ್ಟಗಾಯಿತು."

"ದಾರ ಹಾಳಾಗಲಿ, ಅವಳು?"

ಗುರುಗಳು ನಶ್ಯವನ್ನು ಏರಿಸದೆ ಬೆರಳಲ್ಲೇ ಹಿಡಿದುಕೊಂಡು ಹೊಳೆಯ ಕಡೆ ನೋಡಿದರು. ಜಗಲಿಯಲ್ಲಿ ಯಾತ್ರಿಕ ಗಂಟನ್ನು ಹೆಗಲಿಗೇರಿಸುತ್ತಿದ್ದ. ಶೀನನ ಕಣ್ಣು ಗುರುಗಳ ಬಾಯಿಯಲ್ಲೇ ನೆಟ್ಟಿತ್ತು.

"ಅವಳು ಬಂದಳು" ಎಂದರು ಗುರುಗಳು.

ದಿನವೂ ಮಾತು ಬರುತ್ತಿತ್ತು, ಅವಳು ದಿನವೂ ದಡಕ್ಕೆ ಬಂದು ಅದನ್ನು ತಿರುಗಿಸಿ ಎಸೆಯುತ್ತಿದ್ದಳು. ಆ ದಿನ ದೋಣಿಯವನು ಬಾಯಿ ಬಿಡಲಿಲ್ಲ. ಅತ್ತಿಗೆಯರಿಗೆ ನಗಲು ಏನೂ ಸಿಗದೆ ಬಟ್ಟೆ ಒಗೆದರು. ಮರುದಿನವೂ ಹಾಗೇ. ಅದರ ಮರುದಿನವೂ ಹಾಗೇ. ತಡೆಯಲು ಏನೂ ಇಲ್ಲದಿದ್ದಾಗ ಅವಳಿಗೆ ತಾನು ಏನನ್ನು ತಡೆಯುತ್ತಿದ್ದೆ ಎಂಬುದು ಮರೆತುಹೋಯಿತು. ದೂರದ ಬಂಡೆಯ ಮೇಲೆ ಅವನು ಕೂತದ್ದು ಕಂಡಿತು. ಯಾರೂ ಕರೆಯಲಿಲ್ಲ, ಯಾರೂ ಕಳಿಸಲಿಲ್ಲ. ಅವಳು ಗಂಟು ಕಟ್ಟಿಕೊಂಡು ದೋಣಿ ಹತ್ತಿದಳು.

ಬಂಡೆಯ ಹತ್ತಿರ ಬಂದು ದಾರವನ್ನು ನೋಡಿದಳು.

"ಕೊಕ್ಕೆ ಎಲ್ಲಿ?"

"ಮನೆಯಲ್ಲಿದೆ."

"ಬರೀ ದಾರ ಬಿಟ್ಟುಕೊಂಡು ಯಾವ ಮೀನು ಹಿಡಿಯುತ್ತೀರಿ?"

"ಯಾವುದೂ ಇಲ್ಲ."

ಅವಳು ಅವನ ಪಕ್ಕ ಕೂತಳು. ಇಬ್ಬರೂ ನೀರು ನೋಡಿದರು. ಆಮೇಲೆ ಅವಳು ಕೇಳಿದಳು.

"ಉಪ್ಪಿನಕಾಯಿ?"

"ಮುಟ್ಟಿಲ್ಲ."

"ಊಟ ಬಿಟ್ಟ ಬೆಕ್ಕು?"

"ಬಾಗಿಲಲ್ಲಿ ಹಿಡಿಸುವುದಿಲ್ಲ. ಅಷ್ಟು ದಪ್ಪಗಾಗಿದೆ."

ಅವಳು ನಕ್ಕಳು. ಆ ನಗು ಆಚೆ ದಡದವರೆಗೂ ಕೇಳಿಸಿತು.

ಗುರುಗಳು ನಶ್ಯ ಏರಿಸಿ ಡಬ್ಬಿ ಮುಚ್ಚಿದರು. ಶೀನನ ಮುಖ ಆಗಷ್ಟೇ ತೊಳೆದ ಚೊಂಬಿನ ಹಾಗೆ ಹೊಳೆಯುತ್ತಿತ್ತು. ಹೊರಗಿನಿಂದ ಯಾತ್ರಿಕ ಕೂಗಿದ.

"ನಾನು ಹೊರಟೆ. ಮೇಲಿನ ಮಠದ ಗಿರಿಯನಿಗೆ ಏನಾದರೂ ಹೇಳಬೇಕೇನಪ್ಪಾ?"

ಶೀನ ಎದ್ದು ಹೊಸ್ತಿಲಿಗೆ ಓಡಿದ.

"ಹೇಳಬೇಕು, ಹೇಳಬೇಕು! ಶೀನನಿಗೆ ನಿನ್ನ ಹತ್ತಿರ ಹೇಳುವುದು ಏನೂ ಇಲ್ಲವಂತೆ ಎಂದು ಹೇಳಿ. ಇನ್ನು ಮುಂದೆಯೂ ಇಲ್ಲವಂತೆ ಎನ್ನಿ. ಅವನಿಗೆ ಸರಿಯಾಗಿ ಕೇಳಿಸುವ ಹಾಗೆ ಜೋರಾಗಿ ಹೇಳಿ!"

ಆಮೇಲೆ, ಎಲ್ಲವೂ ತಿಳಿದವನಂತೆ, ಗುರುಗಳ ಕಡೆ ತಿರುಗಿದ.

ಗುರುಗಳು ಮೆಲ್ಲಗೆ ಹೇಳಿದರು: "ದಾರ ನೆಟ್ಟಗಾದಲ್ಲಿಗೆ ಕತೆ ಮುಗಿದಿತ್ತು ಶೀನಾ, ನೀನು ಕೊಕ್ಕೆ ಹಾಕಿಕೊಂಡು ಕೇಳುತ್ತಿದ್ದೆ, ಆ ಕೊಕ್ಕೆ ಬರಿದೇ ಮೇಲೆ ಬರುವುದನ್ನು ನೋಡಲಾರದೆ, ಅವಳು ಬಂದದ್ದನ್ನು ನಾನೇ ಕಟ್ಟಿ ಅದಕ್ಕೆ ಸಿಕ್ಕಿಸಿದೆ."